ನೂರು ಗ್ರಾಂ ನೀರಿನ ಲೆಕ್ಕ: ಕುಸ್ತಿಪಟುಗಳು ರಾತ್ರೋರಾತ್ರಿ ತೂಕ ಇಳಿಸುವುದು ಹೇಗೆ?

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೂಕದ ಯಂತ್ರವು ವಿನೇಶ್ ಫೋಗಟ್ ಅವರ ತೂಕವನ್ನು 50 ಕೆ.ಜಿ. 100 ಗ್ರಾಂ ಎಂದು ತೋರಿಸಿತು. ಹಿಂದಿನ ದಿನವಷ್ಟೇ ಅವರು ಮೂರು ಪಂದ್ಯಗಳನ್ನು ಗೆದ್ದಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಚಾಂಪಿಯನ್ ಯುಯಿ ಸುಸಾಕಿ ಅವರನ್ನೇ ಮಣಿಸಿ, ಒಲಿಂಪಿಕ್ಸ್ ಫೈನಲ್ ತಲುಪಿದ ಭಾರತದ ಮೊದಲ ಮಹಿಳಾ ಕುಸ್ತಿಪಟು ಎನಿಸಿದ್ದರು. ಆದರೆ ನಿಯಮ ನಿಯಮವೇ. ಅನರ್ಹಗೊಂಡ ಅವರಿಗೆ ಬೆಳ್ಳಿಯೂ ದಕ್ಕಲಿಲ್ಲ, ಕಟ್ಟಕಡೆಯ ಸ್ಥಾನವೇ ಗತಿಯಾಯಿತು. ಆಗಸ್ಟ್ 14ರಂದು ಕ್ರೀಡಾ ನ್ಯಾಯಮಂಡಳಿಯೂ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು.

ನೂರು ಗ್ರಾಂ ಎಂದರೆ ಅರ್ಧ ಲೋಟ ನೀರು. ಸೆಮಿಫೈನಲ್ ಮುಗಿದ ಸಂಜೆ ವಿನೇಶ್ ಅವರ ತೂಕ ಮಿತಿಗಿಂತ 2.7 ಕೆ.ಜಿ. ಹೆಚ್ಚಿತ್ತು. ರಾತ್ರಿಯಿಡೀ ಓಡಿ, ಬೆವರಿ, ಕೊನೆಗೆ ತಲೆಗೂದಲನ್ನೂ ಕತ್ತರಿಸಿಕೊಂಡು 2.6 ಕೆ.ಜಿ. ಇಳಿಸಿದವರಿಗೆ ಉಳಿದ ಅರ್ಧ ಲೋಟ ನೀರನ್ನು ಇಳಿಸಲಾಗಲಿಲ್ಲವೇಕೆ ಎಂಬ ಪ್ರಶ್ನೆ ಅನೇಕರಲ್ಲಿ ಮೂಡಿತ್ತು. ಇದಕ್ಕೆ ಉತ್ತರ ಶರೀರಶಾಸ್ತ್ರದಲ್ಲಿದೆ.

ಕರಗುವುದು ಕೊಬ್ಬಲ್ಲ

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ವ್ಯಯವಾಗಬೇಕು. ಒಬ್ಬ ಸಾಮಾನ್ಯ ವ್ಯಕ್ತಿಯ ಮೂರು-ನಾಲ್ಕು ದಿನಗಳ ಆಹಾರಕ್ಕೆ ಇದು ಸಮ. ಆದ್ದರಿಂದ ಒಂದೇ ರಾತ್ರಿಯಲ್ಲಿ ಇಳಿಯುವ ತೂಕ ಬಹುಪಾಲು ನೀರೇ ಹೊರತು ಕೊಬ್ಬಲ್ಲ.

ಸಿದ್ಧತೆ ಪಂದ್ಯಕ್ಕೆ ವಾರವಿರುವಾಗಲೇ ಆರಂಭವಾಗುತ್ತದೆ. ಮೊದಲು ಅನ್ನ, ರೊಟ್ಟಿಯಂಥ ಪಿಷ್ಟಾಹಾರಕ್ಕೆ ಕತ್ತರಿ. ಸ್ನಾಯು ಹಾಗೂ ಪಿತ್ತಜನಕಾಂಗದಲ್ಲಿ ಪಿಷ್ಟವು ಗ್ಲೈಕೊಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಇದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ, ಈ ದಾಸ್ತಾನು ಖಾಲಿಯಾದರೆ ಒಂದೆರಡು ಕಿಲೋ ತಾನಾಗಿಯೇ ಇಳಿಯುತ್ತದೆ. ಬಳಿಕ ಉಪ್ಪು ಕಡಿತ, ನಾರಿನಂಶ ಕಡಿತ. ಕೆಲವರು ಇನ್ನೊಂದು ವಿಚಿತ್ರ ಉಪಾಯಕ್ಕೂ ಮೊರೆ ಹೋಗುತ್ತಾರೆ. ಮೂರ್ನಾಲ್ಕು ದಿನ ಅತಿಯಾಗಿ ನೀರು ಕುಡಿದು, ನಂತರ ಹಠಾತ್ತನೆ ನಿಲ್ಲಿಸಿಬಿಡುವುದು! ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಸೂಚಿಸುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಆ ದಿನಗಳಲ್ಲಿ ಮಂದವಾಗಿರುತ್ತದೆ. ಕುಡಿಯುವುದು ನಿಂತರೂ ಕೆಲಕಾಲ ವಿಸರ್ಜನೆ ನಿಲ್ಲುವುದಿಲ್ಲ.

ಕೊನೆಯ ಅಸ್ತ್ರ ಬೆವರು. ಸೌನಾ ಎಂಬ ಬಿಸಿ ಕೋಣೆ, ಸುಡುನೀರಿನ ಸ್ನಾನ, ಗಾಳಿಯಾಡದ ಉಡುಪು ತೊಟ್ಟು ಓಟ. ಬೆವರಾಗಿ ಹೋಗುವ ನೀರಿನ ಒಂದು ಪಾಲು ರಕ್ತದಿಂದಲೇ ಬರುವುದರಿಂದ ಅಪಾಯವೂ ಇಲ್ಲಿಂದಲೇ ಶುರು. ರಕ್ತದ ಪ್ರಮಾಣ ಕುಗ್ಗಿದಂತೆ ಹೃದಯ ವೇಗವಾಗಿ ಬಡಿಯಬೇಕಾಗುತ್ತದೆ, ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ, ಬೆವರೂ ಕಡಿಮೆಯಾಗುತ್ತದೆ. ಒಳಗಿನ ಉಷ್ಣಾಂಶ ಮಾತ್ರ ಏರುತ್ತಲೇ ಹೋಗುತ್ತದೆ. ಅಂದರೆ ಶರೀರ ಒಣಗಿದಷ್ಟೂ ಬೆವರಿಳಿಸುವುದು ಕಠಿಣ. ಕೊನೆಯ ನೂರು ಗ್ರಾಂ, ಮೊದಲ ಒಂದು ಕಿಲೋಗಿಂತ ದುಬಾರಿ. ಪ್ಯಾರಿಸ್‌ನಲ್ಲಿ ಅನರ್ಹತೆಯ ಬಳಿಕ ವಿನೇಶ್ ಅವರಿಗೆ ಕ್ರೀಡಾಗ್ರಾಮದ ಚಿಕಿತ್ಸಾಲಯದಲ್ಲಿ ನಿರ್ಜಲೀಕರಣಕ್ಕಾಗಿ ಆರೈಕೆ ನೀಡಬೇಕಾಯಿತು.

ನಿಯಮದ ಉದ್ದೇಶ ಒಳ್ಳೆಯದೇ

ಸಮಬಲರ ನಡುವೆ ಸೆಣಸಾಟ ನಡೆಯಲಿ ಎಂಬುದು ತೂಕ ವಿಭಾಗಗಳ ಆಶಯ. ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವಾಗ ಪೈಲ್ವಾನರ ತೂಕ ನೋಡುವುದೂ ಇದಕ್ಕೇ. ಆದರೆ ತೂಕ ನೋಡುವುದಕ್ಕೂ ಅಖಾಡಕ್ಕೆ ಇಳಿಯುವುದಕ್ಕೂ ನಡುವೆ ಸಮಯ ಸಿಕ್ಕರೆ ಆಟವೇ ಬದಲಾಗುತ್ತದೆ. ತೂಕದ ಯಂತ್ರದ ಮೇಲೆ ಹಗುರವಾಗಿ ನಿಂತು, ಬಳಿಕ ನೀರು-ಆಹಾರ ತುಂಬಿಕೊಂಡು, ನಿಜಕ್ಕೂ ಹಗುರಾಗಿರುವ ಎದುರಾಳಿಯ ಮೇಲೆ ಭಾರವಾಗಿ ಎರಗಬಹುದು. ಇದು ಒಬ್ಬರು ಮಾಡಿದರೆ ಲಾಭ. ಎಲ್ಲರೂ ಮಾಡಿದರೆ ಯಾರಿಗೂ ಲಾಭವಿಲ್ಲ, ಬಿಡುವಂತೆಯೂ ಇಲ್ಲ.

ಅಂತಾರಾಷ್ಟ್ರೀಯ ಕುಸ್ತಿಯಲ್ಲಿ ಹಿಂದೆ ಪಂದ್ಯದ ಮುನ್ನಾದಿನವೇ ತೂಕ ನೋಡಲಾಗುತ್ತಿತ್ತು. 2018ರಿಂದ ಒಂದು ವಿಭಾಗದ ಪಂದ್ಯಗಳನ್ನು ಎರಡು ದಿನಗಳಿಗೆ ಹಂಚಿ, ಎರಡೂ ದಿನ ಬೆಳಿಗ್ಗೆ ತೂಕ ನೋಡುವ ಪದ್ಧತಿ ಬಂತು. ಅತಿಯಾಗಿ ತೂಕ ಇಳಿಸುವವರಿಗೆ ಕಡಿವಾಣ ಹಾಕುವುದು ಇದರ ಗುರಿ. ಆದರೆ ಇಳಿಸುವುದನ್ನು ಬಿಡಲಾಗದವರು ಈಗ ಒಂದರ ಬದಲು ಎರಡು ಬಾರಿ ಇಳಿಸಬೇಕಾಗಿದೆ. ವಿನೇಶ್ ಮೊದಲ ದಿನ ಬೆಳಿಗ್ಗೆ 49.9 ಕೆ.ಜಿ. ಇದ್ದರು. ಮೂರು ಪಂದ್ಯ ಆಡಲು ಕಸುವು ಬೇಕೆಂದು ಸೇವಿಸಿದ ನೀರು ಮತ್ತು ಆಹಾರವೇ ಮರುದಿನ ಅವರನ್ನು ಹೊರಹಾಕಿತು.

ಅವರ ಸಂಕಷ್ಟಕ್ಕೆ ಇನ್ನೊಂದು ಕಾರಣವೂ ಇದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಹತ್ತು ತೂಕ ವಿಭಾಗಗಳಿದ್ದರೆ ಪ್ಯಾರಿಸ್‌ನಲ್ಲಿ ಇದ್ದದ್ದು ಆರೇ. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವಿನೇಶ್ ಕಂಚು ಗೆದ್ದದ್ದು 53 ಕೆ.ಜಿ.ಯಲ್ಲಿ. ಒಲಿಂಪಿಕ್ಸ್‌ನ ಆ ಸ್ಥಾನವನ್ನು ಅಂತಿಮ್ ಪಂಘಲ್ ಮೊದಲೇ ಗಳಿಸಿಕೊಟ್ಟಿದ್ದರಿಂದ, ವಿನೇಶ್ 50ಕ್ಕೆ ಇಳಿದರು.

ಪ್ರಾಣಕ್ಕೇ ಎರವಾದಾಗ

ಪದಕ ಕಳೆದುಕೊಳ್ಳುವುದು ಈ ವಿಷಯದಲ್ಲಿ ಅತಿ ಕೆಟ್ಟ ಪರಿಣಾಮವಲ್ಲ. 1997ರ ನವೆಂಬರ್-ಡಿಸೆಂಬರ್‌ನಲ್ಲಿ, ಐದು ವಾರಗಳೂ ತುಂಬುವ ಮುನ್ನ, ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಯತ್ನದಲ್ಲೇ ಅಸುನೀಗಿದರು. ಮೂವರೂ ಗಾಳಿಯಾಡದ ಉಡುಪು ತೊಟ್ಟು ಬೆವರಿಳಿಸುತ್ತಿದ್ದವರು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎಚ್ಚೆತ್ತು, 1998ರಲ್ಲಿ ಸೌನಾ ಹಾಗೂ ರಬ್ಬರ್ ಉಡುಪುಗಳನ್ನು ನಿಷೇಧಿಸಿತು. ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಮುಂದೆ, ಋತುವಿನ ಆರಂಭದಲ್ಲೇ ಮೂತ್ರದ ಸಾಂದ್ರತೆ ಅಳೆದು, ಶರೀರ ನೀರು ತುಂಬಿಕೊಂಡಿರುವಾಗಲೇ ಪ್ರತಿ ಸ್ಪರ್ಧಿಯ ಕನಿಷ್ಠ ತೂಕವನ್ನು ನಿಗದಿಪಡಿಸುವ ಕ್ರಮವೂ ಬಂತು. ಮಿಶ್ರ ಸಮರಕಲೆಯ ಏಷ್ಯಾದ ಪ್ರಮುಖ ಸಂಸ್ಥೆ ಒನ್ ಚಾಂಪಿಯನ್‌ಷಿಪ್ ಇಂಥದ್ದೇ ಪರೀಕ್ಷೆಗೆ ಮುಂದಾಗಲು 2015ರ ಡಿಸೆಂಬರ್‌ನಲ್ಲಿ ಚೀನಾದ ಸ್ಪರ್ಧಿ ಯಾಂಗ್ ಜಿಯಾನ್ ಬಿಂಗ್ ಸಾಯಬೇಕಾಯಿತು. ಅವರಿಗೆ ಕೇವಲ 21 ವರ್ಷ.

ಸಾವು ಕಂಡ ಮೇಲೆಯೇ ನಿಯಮಗಳು ಬದಲಾಗುವುದು ವಿಷಾದದ ಸಂಗತಿ. ಜೂಡೊದ ಕ್ರಮ ಹೆಚ್ಚು ವಿವೇಕಯುತ ಎನ್ನಬಹುದು. ಅಲ್ಲಿ ಮುನ್ನಾದಿನ ತೂಕ ನೋಡಿದ ಬಳಿಕ, ಪಂದ್ಯದ ದಿನ ಬೆಳಿಗ್ಗೆ ಕೆಲವರನ್ನು ಚೀಟಿ ಎತ್ತಿ ಮತ್ತೆ ಪರೀಕ್ಷಿಸುತ್ತಾರೆ. ವಿಭಾಗದ ಮಿತಿಗಿಂತ ಶೇ 5ರವರೆಗೆ ಏರಿಕೆಗೆ ಅವಕಾಶವಿದೆ. ಆ ಲೆಕ್ಕದಲ್ಲಿ 50 ಕೆ.ಜಿ.ಗೆ ಸಿಗುವ ವಿನಾಯಿತಿ ಎರಡೂವರೆ ಕಿಲೋ!

ಕಳೆದುಕೊಂಡ ನೀರನ್ನು ಮರಳಿ ಪಡೆಯುವುದೂ ಸುಲಭವಲ್ಲ. ಒಂದು ಲೀಟರ್ ಹೋಗಿದ್ದರೆ ಸುಮಾರು ಒಂದೂವರೆ ಲೀಟರ್ ಕುಡಿಯಬೇಕು, ಜತೆಗೆ ಉಪ್ಪೂ ಬೇಕು. ಬರಿಯ ನೀರು ಬಹುಪಾಲು ಮೂತ್ರವಾಗಿ ಹೋಗುತ್ತದೆ. ಪಂದ್ಯಕ್ಕೆ ಕೆಲವೇ ಗಂಟೆಗಳಿದ್ದಾಗ ಇದು ಪೂರ್ಣವಾಗುವುದಿಲ್ಲ. ಒಣಗಿದ ಸ್ಥಿತಿಯಲ್ಲಿ ತಲೆಗೆ ಬೀಳುವ ಹೊಡೆತ ಮೆದುಳಿಗೆ ಹೆಚ್ಚು ಹಾನಿ ಮಾಡಬಹುದೆಂಬ ಶಂಕೆ ಬಾಕ್ಸಿಂಗ್ ವಲಯದಲ್ಲಿ ಹಿಂದಿನಿಂದಲೂ ಇದೆ, ಖಚಿತವಾಗಿ ಸಾಬೀತಾಗಿಲ್ಲ.

ಪ್ಯಾರಿಸ್‌ನಲ್ಲೇ, ವಿನೇಶ್ ಅನರ್ಹಗೊಂಡ ಎರಡು ದಿನಗಳ ನಂತರ, ಭಾರತದ ಅಮನ್ ಸೆಹ್ರಾವತ್ ಹತ್ತು ಗಂಟೆಗಳಲ್ಲಿ 4.6 ಕೆ.ಜಿ. ಇಳಿಸಿ 57 ಕೆ.ಜಿ. ವಿಭಾಗದ ಕಂಚು ಗೆದ್ದರು. ದೇಶ ಅದನ್ನು ಸಾಹಸವೆಂದು ಕೊಂಡಾಡಿತು. ಅದೇ ಅಮನ್ 2025ರ ಸೆಪ್ಟೆಂಬರ್‌ನಲ್ಲಿ ಜಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ತೆರಳಿದಾಗ, ತೂಕದ ಯಂತ್ರ 1.7 ಕೆ.ಜಿ. ಹೆಚ್ಚು ತೋರಿಸಿತು. ಒಂದು ಪಂದ್ಯವನ್ನೂ ಆಡದೆ ಅವರು ಕೂಟದಿಂದ ಹೊರಬಿದ್ದರು.