ಆರು ತಂತಿ, ಹಲವು ದಾರಿ

ಪರೀಕ್ಷೆಗಳು ಮುಗಿದ ಬೇಸಿಗೆ ರಜೆಯಲ್ಲಿ ವಾದ್ಯಗಳ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯವೊಂದಿದೆ. ಮಗಳು ಗೋಡೆಗೆ ತೂಗುಹಾಕಿದ ಕೆಂಪು ಗಿಟಾರನ್ನೇ ನೋಡುತ್ತಿರುತ್ತಾಳೆ. ಅಪ್ಪ ಅದರ ಬೆಲೆಚೀಟಿ ನೋಡುತ್ತಿರುತ್ತಾರೆ. ಅಂಗಡಿಯವರು ‘ಕಲಿಯೋಕೆ ಇದು ಸಾಕು ಸಾರ್’ ಎಂದು ಎಲ್ಲಕ್ಕಿಂತ ಅಗ್ಗದ್ದೊಂದನ್ನು ಕೆಳಗಿಳಿಸುತ್ತಾರೆ. ಮೂರು ತಿಂಗಳ ನಂತರ ಆ ಗಿಟಾರು ಬೀರುವಿನ ಮೇಲೆ ಹಳೆಯ ಸೂಟ್‌ಕೇಸಿನ ಪಕ್ಕ ದೂಳು ಹಿಡಿದು ಮಲಗಿರುತ್ತದೆ. ‘ನಮ್ಮ ಹುಡುಗಿಗೆ ಸಂಗೀತ ಒಲಿಯಲಿಲ್ಲ’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಹುಡುಗಿಯೂ ಅದನ್ನು ನಂಬುತ್ತಾಳೆ.

ತಪ್ಪು ಎಷ್ಟೋ ಸಲ ವಾದ್ಯದ್ದಾಗಿರುತ್ತದೆ, ಅಥವಾ ಅದನ್ನು ಆರಿಸಿದ ರೀತಿಯದ್ದಾಗಿರುತ್ತದೆ. ಗಿಟಾರ್ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬಗೆಯ ವಾದ್ಯಗಳಿವೆ. ಒಂದೊಂದೂ ಒಂದೊಂದು ನಾಡಿನಲ್ಲಿ, ಒಂದೊಂದು ಸಂಗೀತದ ಅಗತ್ಯಕ್ಕಾಗಿ ರೂಪುಗೊಂಡಿದೆ. ಆ ಕಥೆ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಸ್ಪೇನಿನ ಮೃದು ತಂತಿ

ಇಂದಿನ ‘ಕ್ಲಾಸಿಕಲ್’ ಗಿಟಾರಿನ ಆಕಾರವನ್ನು ಸ್ಥಿರಗೊಳಿಸಿದವನು ಸ್ಪೇನಿನ ಆಂಟೋನಿಯೊ ದೆ ಟೊರೆಸ್ (1817–1892). ಅವನು ಗಿಟಾರಿನ ಒಡಲನ್ನು ದೊಡ್ಡದು ಮಾಡಿದ. ಮೇಲು ಹಲಗೆಯನ್ನು ತೆಳುವಾಗಿಸಿ, ಅದರ ಒಳಮೈಗೆ ಬೀಸಣಿಗೆಯಂತೆ ಹರಡಿದ ಪಟ್ಟಿಗಳನ್ನು ಅಂಟಿಸಿದ. ತಂತಿಯ ಉದ್ದ ಸುಮಾರು 650 ಮಿಲಿಮೀಟರ್ ಎಂಬ ಅಳತೆ ಇಂದಿಗೂ ಅವನದೇ. ಆಗ ತಂತಿಗಳು ಪ್ರಾಣಿಯ ಕರುಳಿನವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ದಾರ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಬೇಕಾಗಿ ಗಿಟಾರಿಗೆ ಸಿಗುವುದು ಕಷ್ಟವಾಯಿತು. 1940ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿಗಳನ್ನು ತಯಾರಿಸಿದ; ಸ್ಪೇನಿನ ಮಹಾನ್ ವಾದಕ ಆಂದ್ರೆಸ್ ಸೆಗೋವಿಯಾ ಅವುಗಳನ್ನು ಒಪ್ಪಿಕೊಂಡ.

ನೈಲಾನ್ ಬೆರಳಿಗೆ ಮೃದು. ಆದ್ದರಿಂದಲೇ ‘ಮೊದಲು ಇದರಲ್ಲೇ ಕಲಿಯಬೇಕು’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಇದರ ಕುತ್ತಿಗೆ, ಅಂದರೆ ವೀಣೆಯ ದಂಡಿಯಂಥ ಭಾಗ, ಮೇಲ್ತುದಿಯಲ್ಲಿ ಸುಮಾರು 52 ಮಿಲಿಮೀಟರ್ ಅಗಲವಿರುತ್ತದೆ. ಬಲಗೈಯ ಒಂದೊಂದು ಬೆರಳೂ ಬೇರೆ ಬೇರೆ ತಂತಿಯನ್ನು ಮೀಟಲು ಅನುಕೂಲವಾಗಲೆಂದೇ ಈ ಅಗಲ. ಚಿಕ್ಕ ಕೈಯವರಿಗೆ ಎಡಗೈಯಲ್ಲಿ ಅಷ್ಟು ದೂರ ಚಾಚುವುದೇ ಒಂದು ಪರೀಕ್ಷೆ. ಮಕ್ಕಳಿಗಾದರೆ ಮುಕ್ಕಾಲು ಅಳತೆಯ ಗಿಟಾರುಗಳು ಸಿಗುತ್ತವೆ.

ಉಕ್ಕಿನ ದನಿ

ಭಾವಗೀತೆಗೆ, ಸಿನಿಮಾ ಹಾಡಿಗೆ ‘ಕಾರ್ಡ್’ ಹಿಡಿದು ಹಾಡುವವರ ಕೈಯಲ್ಲಿ ಕಾಣುವುದು ಹೆಚ್ಚಾಗಿ ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರು. ಇದು ಬೆಳೆದದ್ದು ಅಮೆರಿಕದಲ್ಲಿ. ಜರ್ಮನಿಯಿಂದ ವಲಸೆ ಹೋದ ಸಿ.ಎಫ್. ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಗಿಟಾರಿನ ಕಾರ್ಖಾನೆ ತೆರೆದ. ಹಲಗೆಯ ಕೆಳಗೆ ಗುಣಾಕಾರದ ಚಿಹ್ನೆಯಂತೆ ಪಟ್ಟಿಗಳನ್ನು ಕೂರಿಸುವ ಕ್ರಮ ಅವನ ಗಿಟಾರುಗಳ ಗುರುತಾಯಿತು. ಬ್ಯಾಂಜೊ, ಪಿಟೀಲುಗಳ ನಡುವೆಯೂ ಕೇಳಿಸುವಷ್ಟು ಜೋರು ದನಿ ಬೇಕೆಂಬ ಬೇಡಿಕೆ ಬಂದಾಗ, 1920ರ ದಶಕದಲ್ಲಿ ಉಕ್ಕಿನ ತಂತಿಯೇ ರೂಢಿಯಾಯಿತು. ಆ ಸೆಳೆತವನ್ನು ತಾಳುವ ಬಲ ಈ ಒಳಕಟ್ಟಿಗಿತ್ತು. 1916ರಲ್ಲಿ ಮೊದಲು ಬಂದ ದೊಡ್ಡ ಹೊಟ್ಟೆಯ ಮಾದರಿಗೆ ಬ್ರಿಟಿಷರ ಯುದ್ಧನೌಕೆ ‘ಡ್ರೆಡ್‌ನಾಟ್’ನ ಹೆಸರಿಟ್ಟರು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ತೂಗುವುದು ಅದೇ ಆಕಾರ.

ಇದರಲ್ಲಿ ನಮ್ಮ ಕಾಡಿನ ಪಾಲೂ ಇದೆ. ಒಳ್ಳೆಯ ಗಿಟಾರುಗಳ ಹಿಂಬದಿಗೆ ಬಳಸುತ್ತಿದ್ದ ಬ್ರೆಜಿಲ್‌ನ ರೋಸ್‌ವುಡ್ 1960ರ ದಶಕದ ಕೊನೆಗೆ ದುರ್ಲಭವಾದಾಗ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್‌ನತ್ತ ತಿರುಗಿತು. ಅದು ಬೇರೇನಲ್ಲ, ಪಶ್ಚಿಮ ಘಟ್ಟದ ನಮ್ಮ ಬೀಟೆ ಮರ.

ಉಕ್ಕಿನ ಗಿಟಾರಿನ ಕುತ್ತಿಗೆ ಸುಮಾರು 43 ಮಿಲಿಮೀಟರ್ ಅಗಲ; ಹಿಡಿಯಲು ಸುಲಭ. ಆದರೆ ಆರು ತಂತಿಗಳ ಒಟ್ಟು ಸೆಳೆತ 70 ಕಿಲೋ ದಾಟುತ್ತದೆ. ನೈಲಾನಿನಲ್ಲಿ ಅದು ಹೆಚ್ಚುಕಡಿಮೆ ಇದರ ಅರ್ಧ. ಮೊದಲ ವಾರಗಳಲ್ಲಿ ಬೆರಳ ತುದಿ ಉರಿಯುವುದು ಸಹಜ. ಚರ್ಮ ಗಟ್ಟಿಯಾದ ಮೇಲೆ ನೋವು ಹೋಗುತ್ತದೆ. ಒಂದು ಎಚ್ಚರಿಕೆಯನ್ನಂತೂ ಮರೆಯಬಾರದು. ದನಿ ಜೋರಾಗಲಿ ಎಂದು ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದರೆ ಕುತ್ತಿಗೆ ಬಾಗಬಹುದು, ತಂತಿಯ ಕುದುರೆಯೇ ಹಲಗೆಯಿಂದ ಕಿತ್ತುಬರಬಹುದು.

ವಿದ್ಯುತ್ತಿನ ಮೋಹ

‘ಎಲೆಕ್ಟ್ರಿಕ್ ಗಿಟಾರು ಆಮೇಲೆ, ಮೊದಲು ಅಕೂಸ್ಟಿಕ್ ಬರಲಿ’ ಎನ್ನುವುದು ಹಿರಿಯರ ಇನ್ನೊಂದು ಮಾತು. ಬೆರಳಿನ ದೃಷ್ಟಿಯಿಂದ ನೋಡಿದರೆ ಇದಕ್ಕೆ ಆಧಾರವಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ಬಹಳ ತೆಳು. ಒತ್ತಲು ಉಕ್ಕಿನ ಅಕೂಸ್ಟಿಕ್‌ಗಿಂತ ಎಷ್ಟೋ ಹಗುರ. ಇದರಲ್ಲಿ ಸದ್ದು ಮಾಡುವುದು ಮರದ ಪೆಟ್ಟಿಗೆಯಲ್ಲ. ತಂತಿಯ ಕಂಪನವನ್ನು ಅಯಸ್ಕಾಂತವೂ ತಾಮ್ರದ ಸುರುಳಿಯೂ ಸೇರಿ ವಿದ್ಯುತ್ ಸಂಕೇತವಾಗಿ ಬದಲಿಸುತ್ತವೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಲಿಯೊ ಫೆಂಡರ್ 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದ. ಅವನ ‘ಸ್ಟ್ರಾಟೊಕ್ಯಾಸ್ಟರ್’ ಬಂದದ್ದು 1954ರಲ್ಲಿ. ಸ್ವಾರಸ್ಯವೆಂದರೆ ಫೆಂಡರ್‌ಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ!

ಕರ್ನಾಟಕ ಸಂಗೀತದ ಹಿನ್ನೆಲೆಯಿಂದ ಬರುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಗಮಕಕ್ಕೆ ತಂತಿಯನ್ನು ಅಡ್ಡಕ್ಕೆ ಎಳೆಯಬೇಕಾಗುತ್ತದೆ. ನೈಲಾನ್ ತಂತಿಯನ್ನು ಎಷ್ಟು ಎಳೆದರೂ ಸ್ವರ ಹೆಚ್ಚು ಏರುವುದಿಲ್ಲ. ತೆಳುವಾದ ಉಕ್ಕಿನ ತಂತಿ ಕೂಡಲೇ ಏರುತ್ತದೆ. ಗಿಟಾರಿನಲ್ಲಿ ಕೀರ್ತನೆಗಳನ್ನು ನುಡಿಸಿದ ಸುಕುಮಾರ್ ಪ್ರಸಾದ್, ಪ್ರಸನ್ನ ಮೊದಲಾದವರು ಎಲೆಕ್ಟ್ರಿಕ್ ಗಿಟಾರು ಹಿಡಿದದ್ದಕ್ಕೆ ಅರ್ಥವಿದೆ. ಖರ್ಚು ಮಾತ್ರ ಹೆಚ್ಚು, ಏಕೆಂದರೆ ಆಂಪ್ಲಿಫೈಯರನ್ನೂ ಕೊಳ್ಳಬೇಕು. ಆದರೆ ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಪಕ್ಕದ ಮನೆಯವರ ದೂರು ತಪ್ಪುತ್ತದೆ.

ತೊಡೆಯ ಮೇಲಿನ ಗಿಟಾರು

ನಮ್ಮಲ್ಲಿ ಸಂಗೀತ ಶಾಲೆಗಳ ಫಲಕಗಳ ಮೇಲೆ ‘ಸ್ಪ್ಯಾನಿಷ್’, ‘ಹವಾಯಿಯನ್’ ಎಂಬ ಎರಡು ಪದಗಳು ಕಾಣುವುದುಂಟು. ಎದೆಗೆ ಒರಗಿಸಿಕೊಂಡು ನುಡಿಸುವ ಎಲ್ಲ ಗಿಟಾರಿಗೂ ನಾವು ಹೇಳುವುದು ಸ್ಪ್ಯಾನಿಷ್ ಎಂದೇ. ತೊಡೆಯ ಮೇಲೆ ಅಡ್ಡಲಾಗಿಟ್ಟು, ತಂತಿಗಳ ಮೇಲೆ ಉಕ್ಕಿನ ಸಲಾಕೆ ಜಾರಿಸಿ ನುಡಿಸುವುದು ಹವಾಯಿಯನ್. 19ನೇ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಇದನ್ನು ಬೆಳೆಸಿದನೆಂದು ಪ್ರತೀತಿ. 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿದ್ದ ಹವಾಯಿ ಶೈಲಿಯ ವಾದಕ ಟೌ ಮೋ ಅದರ ರುಚಿಯನ್ನು ಇಲ್ಲಿ ಹರಡಿದ. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ ಅದನ್ನು ‘ಮೋಹನವೀಣೆ’ಯಾಗಿಸಿದರು, ರೈ ಕೂಡರ್ ಜತೆಗಿನ ಧ್ವನಿಮುದ್ರಣಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಇಲ್ಲಿ ಕಲಿತ ಕೈಚಳಕ ಸ್ಪ್ಯಾನಿಷ್ ಗಿಟಾರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಶುಲ್ಕ ಕಟ್ಟುವ ಮುನ್ನವೇ ಯಾವುದೆಂದು ವಿಚಾರಿಸುವುದು ಲೇಸು.

ಕೊಳ್ಳುವ ಮುನ್ನ

ಬಗೆ ಯಾವುದಾದರೂ ಕಲಿಯುವವರನ್ನು ಸೋಲಿಸುವ ಮುಖ್ಯ ದೋಷ ಒಂದೇ: ತಂತಿ ಕುತ್ತಿಗೆಯಿಂದ ಬಹಳ ಎತ್ತರದಲ್ಲಿರುವುದು. ಕುತ್ತಿಗೆಯ ಹನ್ನೆರಡನೇ ಮೆಟ್ಟಿಲ ಬಳಿ ಉಕ್ಕಿನ ಅಕೂಸ್ಟಿಕ್‌ನಲ್ಲಿ ಈ ಅಂತರ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ಕ್ಲಾಸಿಕಲ್‌ನಲ್ಲಿ ಮೂರು, ನಾಲ್ಕರವರೆಗೆ ನಡೆಯುತ್ತದೆ. ಎಲೆಕ್ಟ್ರಿಕ್‌ನಲ್ಲಿ ಎರಡರ ಒಳಗಿರಬೇಕು. ಐದಾರು ಮಿಲಿಮೀಟರ್ ಇದ್ದರೆ ನುರಿತವರ ಬೆರಳೂ ಸೋಲುತ್ತದೆ. ಒಳ್ಳೆಯ ಅಂಗಡಿಯವರು ಇದನ್ನು ಸರಿಪಡಿಸಿಯೇ ಕೊಡುತ್ತಾರೆ, ಕೇಳಬೇಕು ಅಷ್ಟೆ. ಶ್ರುತಿ ಮಾಡಿಸಿ ಒಂದೊಂದು ಮೆಟ್ಟಿಲಲ್ಲೂ ತಂತಿ ಒತ್ತಿ ಮೀಟಿ ನೋಡಬೇಕು. ಎಲ್ಲಾದರೂ ತಂತಿ ಜಿರ್ರೆಂದರೆ, ಬಿರಡೆ ತಾನಾಗಿ ಸಡಿಲಗೊಂಡರೆ, ಆ ಗಿಟಾರು ಬೇಡ. ಬಣ್ಣ, ಹೊಳಪುಗಳ ಮಾತು ಆಮೇಲೆ.

ಇನ್ನು ಯಾವ ಬಗೆ? ಬೆರಳಲ್ಲಿ ಮೀಟುವ ಸ್ಪ್ಯಾನಿಷ್ ರಚನೆಗಳ ಮೇಲೆ ಮನಸ್ಸಿದ್ದರೆ ನೈಲಾನ್. ಗಿಟಾರು ಹಿಡಿದು ಹಾಡುವ ಆಸೆಯಿದ್ದರೆ ಉಕ್ಕು. ರಾಕ್ ಅಥವಾ ಗಮಕದ ಹಂಬಲವಿದ್ದರೆ ಎಲೆಕ್ಟ್ರಿಕ್. ಸುಲಭವೆಂದು ಬೇರೆಯದನ್ನು ಕೊಡಿಸಿದರೆ, ಕಿವಿಯಲ್ಲಿರುವ ಸದ್ದು ಕೈಗೆ ಎಂದೂ ಬರುವುದಿಲ್ಲ. ಬೆರಳಿನ ನೋವನ್ನು ಸಹಿಸಿಕೊಳ್ಳುವ ಮಕ್ಕಳೂ ಈ ನಿರಾಸೆಯನ್ನು ಸಹಿಸುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಅಪ್ಪ ಮನೆಯಲ್ಲೇ ಮಗಳನ್ನು ಒಂದು ಪ್ರಶ್ನೆ ಕೇಳಬೇಕು: ‘ನೀನು ಮೊದಲು ನುಡಿಸಬೇಕು ಅಂತಿರೋ ಹಾಡು ಯಾವುದಮ್ಮ?’ ಆ ಹಾಡನ್ನು ಇಬ್ಬರೂ ಕೂತು ಒಮ್ಮೆ ಕೇಳಿದರೆ, ಯಾವ ಗಿಟಾರು ಎಂಬುದಕ್ಕೆ ಉತ್ತರ ಅದರಲ್ಲೇ ಸಿಗುತ್ತದೆ.