ನರ್ಸಿಂಗ್ ಪದವಿಗೆ ಸಾಲ: ಸಹಿಗೆ ಮುನ್ನ ಒಂದು ಲೆಕ್ಕ

ಪಿ.ಯು.ಸಿ. ಫಲಿತಾಂಶ ಪ್ರಕಟವಾಯಿತೆಂದರೆ ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕಗಳು ಬಂದಿವೆ, ನರ್ಸಿಂಗ್ ಓದಿಸೋಣ. ಹಣಕ್ಕೆ ಬ್ಯಾಂಕಿನ ಸಾಲವಿದೆ. ಮುಂದೆ ಹೊರದೇಶಕ್ಕೆ ಹೋದರೆ ಸಾಲ ತಾನಾಗಿಯೇ ತೀರುತ್ತದೆ. ಕೆಲವೇ ವಾರಗಳಲ್ಲಿ ಮಗಳು ತಾಳಗುಪ್ಪದ ರಾತ್ರಿ ರೈಲು ಹತ್ತಿ ಬೆಂಗಳೂರಿಗೋ, ಬಸ್ಸು ಹಿಡಿದು ಮಂಗಳೂರಿಗೋ ಹೊರಟುಬಿಡುತ್ತಾಳೆ.

ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಸೇವೆ, ಬೆಂಗಳೂರಿನಲ್ಲಿ 1886ರಲ್ಲಿ ಧರ್ಮಭಗಿನಿಯರು ಸ್ಥಾಪಿಸಿದ ಸೇಂಟ್ ಮಾರ್ಥಾ ಆಸ್ಪತ್ರೆ, ಇವುಗಳ ಕಾಲದಿಂದಲೂ ರೋಗಿಗಳ ಶುಶ್ರೂಷೆ ನಮ್ಮ ಸಮುದಾಯಕ್ಕೆ ಹತ್ತಿರದ ವೃತ್ತಿ. ಅದರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಸೇವೆಯೆಂಬ ಮಾತು ಲೆಕ್ಕವನ್ನು ಮರೆಸಬಾರದು. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂಬ ಎಚ್ಚರಿಕೆ ಸಂತ ಲೂಕನ ಶುಭಸಂದೇಶದಲ್ಲಿಯೇ ಇದೆ.

ಸಾಲ ಬೆಳೆಯುವ ಬಗೆ

ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ವ್ಯಾಸಂಗ. ವರ್ಷಾರಂಭದಲ್ಲಿ 1 ಲಕ್ಷದಂತೆ ಒಟ್ಟು 4 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ವ್ಯಾಸಂಗದ ಅವಧಿಯಲ್ಲೂ ನಂತರದ 1 ವರ್ಷವೂ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿಗೆ ಬಿಡುವಿಲ್ಲ. ಆ 5 ವರ್ಷಗಳ ಸರಳ ಬಡ್ಡಿಯೇ 1,40,000 ರೂ. ಆಗುತ್ತದೆ. ಕಂತು ಆರಂಭವಾಗುವ ದಿನ 4 ಲಕ್ಷದ ಸಾಲ 5,40,000 ರೂ. ಆಗಿರುತ್ತದೆ. ಇದನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,140 ರೂ. ಕಟ್ಟಬೇಕು. ಹೀಗೆ ಕಂತುಗಳಲ್ಲಿ ಸಲ್ಲುವ ಮೊತ್ತ ಎಂಟೂವರೆ ಲಕ್ಷವನ್ನು ದಾಟುತ್ತದೆ.

ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಇದೇ ಕಂತು ಸುಮಾರು 5,290 ರೂಪಾಯಿಗೆ ಇಳಿಯುತ್ತದೆ. ಮೊದಲ ವರ್ಷ ಅದಕ್ಕೆ ಬೇಕಾಗುವುದು ತಿಂಗಳಿಗೆ 830 ರೂ. ಮಾತ್ರ, ನಾಲ್ಕನೆಯ ವರ್ಷ ಅದು 3,330 ರೂಪಾಯಿಗೆ ಏರುತ್ತದೆ. ಅಡಿಕೆ ಮಾರಿದ ಹಣ ಕೈಗೆ ಬಂದಾಗ ಮೊದಲು ಈ ಬಡ್ಡಿಯನ್ನು ಸಲ್ಲಿಸುವ ಮನೆಯವರು ಮಗಳ ಹೊರೆಯನ್ನು ಬಹಳ ಹಗುರಗೊಳಿಸುತ್ತಾರೆ.

ಸಂಬಳದ ನಿಜಸ್ಥಿತಿ

ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ ಸಮಿತಿಯು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ 2016ರಲ್ಲಿ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ಕನಿಷ್ಠ 20,000 ರೂ. ಕೊಡಬೇಕೆಂಬುದು ಅದರ ಸಾರ. ಆದರೆ ಶಿಫಾರಸು ಬೇರೆ, ಕೈಗೆ ಬರುವ ಸಂಬಳ ಬೇರೆ. 20,000 ರೂಪಾಯಿಯೇ ಬಂದಿತೆನ್ನಿ; 7,140 ರೂ. ಕಂತಿಗೆ ಹೋದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಳೆದಂತಾಯಿತು. ಉಳಿದುದರಲ್ಲಿ ಪಟ್ಟಣದ ಕೋಣೆಯ ಬಾಡಿಗೆ, ಊಟ, ಬಸ್ಸಿನ ಖರ್ಚು ನಡೆಯಬೇಕು. ತಮ್ಮನ ಓದಿಗೆ, ಮನೆಯ ಮಾಡಿಗೆ ಅವಳು ಹಣ ಕಳುಹಿಸಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯ ಆರಂಭಿಕ ಮೂಲವೇತನ ಏಳನೆಯ ವೇತನ ಆಯೋಗದಂತೆ 44,900 ರೂ. ಅಲ್ಲಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕವೇ ಹೋಗಬೇಕು. ಹೊರದೇಶದ ಹಾದಿಯೂ ನೇರವಲ್ಲ. ಇಂಗ್ಲೆಂಡಿಗೆ ಇಂಗ್ಲಿಷ್ ಭಾಷಾ ಪರೀಕ್ಷೆಯ ಜೊತೆಗೆ ಅಲ್ಲಿನ ನರ್ಸಿಂಗ್ ಮಂಡಳಿಯ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆಯ ಕಲಿಕೆ ಬೇಕು. ಇವುಗಳಿಗೂ ಹಣ, ಸಮಯ ಎರಡೂ ಹಿಡಿಯುತ್ತವೆ. ಏಜೆಂಟರು ಲಕ್ಷಗಟ್ಟಲೆ ವಸೂಲು ಮಾಡಿದ ದೂರುಗಳ ಬಳಿಕವೇ ಕೇಂದ್ರ ಸರ್ಕಾರ 2015ರಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ನರ್ಸ್‌ಗಳ ನೇಮಕಾತಿಯ ನಿಯಮವನ್ನು ಬಿಗಿಗೊಳಿಸಿತು. ಆದುದರಿಂದ ಹೊರದೇಶದ ಸಂಬಳವನ್ನು ನಂಬಿ ಊರಿನಲ್ಲಿ ಸಾಲದ ಮೊತ್ತ ನಿರ್ಧರಿಸುವುದು ಕೂಡದು. ಇಲ್ಲಿನ ಮೊದಲ ಸಂಬಳದಲ್ಲಿ ಕಟ್ಟಬಹುದಾದಷ್ಟೇ ಸಾಲ ನಮ್ಮ ಅಳತೆಯಾಗಲಿ.

ಹೊರೆ ಇಳಿಸುವ ದಾರಿಗಳು

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜೊತೆಗಾರರಾಗಿ ಸಹಿ ಹಾಕಬೇಕು. ಜಮೀನಿಗೆ ಹಕ್ಕುಪತ್ರವೇ ಇಲ್ಲದ ಕುಟುಂಬಗಳು ನಮ್ಮ ಮಲೆನಾಡಿನಲ್ಲಿ ಕಡಿಮೆಯಿಲ್ಲ. ಅವರು ಇದನ್ನು ತಿಳಿಯದೆ ಖಾಸಗಿ ಲೇವಾದೇವಿಗಾರರ ಬಳಿ ಹೋಗಬಾರದು. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜು ಅರ್ಹ ಪಟ್ಟಿಯಲ್ಲಿದ್ದರೆ, ವ್ಯಾಸಂಗದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಮೇಲಿನ ಲೆಕ್ಕದ 1,40,000 ರೂಪಾಯಿಯ ಬಹುಪಾಲು ಇದರಿಂದಲೇ ಉಳಿಯಬಹುದು. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡು, ಸಾಲದ ಅರ್ಜಿಯೊಂದಿಗೇ ಈ ಬಗ್ಗೆ ಬ್ಯಾಂಕಿನಲ್ಲಿ ಕೇಳಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯದ ‘ಅರಿವು’ ಸಾಲ ಯೋಜನೆಯಿದ್ದು, ಅದು ಯಾವ ವ್ಯಾಸಂಗಕ್ಕೆ ಅನ್ವಯವೆಂಬುದನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸುವುದು ಒಳಿತು.

ಪದವಿಯೊಂದೇ ಬಾಗಿಲಲ್ಲ. 3 ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ ಸಂಪಾದನೆ ಆರಂಭಿಸಿ, ಅನಂತರ 2 ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ಅವಕಾಶವಿದೆ. ಯಾವುದಕ್ಕೆ ಸೇರಿದರೂ ಕಾಲೇಜಿನ ಮಾನ್ಯತೆ, ಕಲಿಕೆಗೆ ಇರುವ ಆಸ್ಪತ್ರೆ, ಹಾಸ್ಟೆಲ್ ಸೇರಿದ ಪೂರ್ಣ ಖರ್ಚು, ಹೀಗೆ ಮೂರನ್ನೂ ನೋಡಿಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಡುವ ಬಾಂಡಿಗೆ ಓದದೆ ಸಹಿ ಹಾಕಬಾರದು.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ಸಾಲದ ಪತ್ರದಲ್ಲಿ ಮಗಳ ಹೆಸರಿರುತ್ತದೆ. ಲೆಕ್ಕದ ಮಾತುಕತೆಯಲ್ಲೂ ಅವಳಿರಲಿ. ಒಂದು ಸಂಜೆ ಊಟದ ನಂತರ ಅವಳ ಕೈಗೇ ಕಾಗದ, ಪೆನ್ನು ಕೊಟ್ಟು ಎಷ್ಟು ಸಾಲ, ಎಷ್ಟು ಕಂತು, ಎಷ್ಟು ವರ್ಷ ಎಂದು ಬರೆಸಿರಿ. ರಾತ್ರಿ ಪಾಳಿಯಲ್ಲಿ ದುಡಿದು ಆ ಕಂತನ್ನು ಕಟ್ಟಬೇಕಾದವಳು ಅವಳೇ.