ಗಾಳಿಪಟದ ನಕ್ಷೆ

ಗಾಳಿಪಟದ ಚಿತ್ರ ಬರೆಯಿರೆಂದು ಯಾರನ್ನು ಕೇಳಿದರೂ ಒಂದು ಚೌಕ, ಒಂದು ಬಾಲಂಗೋಚಿ, ಡೊಂಕಾದ ಒಂದು ದಾರ ಕಾಗದದ ಮೇಲೆ ಮೂಡುತ್ತವೆ. ಅಂದವಾದ ಚಿತ್ರವೇ, ಆದರೆ ಪಟವನ್ನು ಹಾರಿಸುವ ಸೂತ್ರ ಅದರಲ್ಲಿ ಕಾಣುವುದಿಲ್ಲ. ಕಡ್ಡಿಯ ಮೇಲೊಂದು, ಕೆಳಗೊಂದು ಕಡೆಯಿಂದ ಹೊರಟ ಎರಡು ಎಳೆಗಳು ಒಂದು ಗಂಟಿನಲ್ಲಿ ಕೂಡುತ್ತವಷ್ಟೆ. ಆ ಗಂಟನ್ನು ತುಸು ಮೇಲಕ್ಕೆ ಸರಿಸಿದರೆ ಪಟ ಮಲಗುತ್ತದೆ, ಎಳೆತ ತಗ್ಗುತ್ತದೆ. ಕೆಳಕ್ಕೆ ಸರಿಸಿದರೆ ಗಾಳಿಗೆ ಎದೆಯೊಡ್ಡುತ್ತದೆ, ಎಳೆತ ಹೆಚ್ಚುತ್ತದೆ. ವ್ಯಾಕರಣಕ್ಕೂ ಗಾಳಿಪಟಕ್ಕೂ ‘ಸೂತ್ರ’ವೆಂಬ ಒಂದೇ ಮಾತು ಸಂದಿರುವುದು ಕನ್ನಡದ ಮೇಷ್ಟರಾದ ನನಗೆ ಮೊದಲಿನಿಂದಲೂ ಸಂತೋಷದ ಸಂಗತಿ.

ಈ ಸೂತ್ರವನ್ನು ತೋರಿಸಬೇಕಾದರೆ ಅಳತೆ ಆಕಾರಗಳನ್ನು ಬಿಟ್ಟು ಸಂಬಂಧಗಳನ್ನು ಹಿಡಿಯಬೇಕು. ಲಂಡನ್ನಿನ ನೆಲದಡಿಯ ರೈಲಿನ ನಕ್ಷೆಯನ್ನು ಹ್ಯಾರಿ ಬೆಕ್ ಎಂಬಾತ 1931ರಲ್ಲಿ ಹೀಗೆಯೇ ಬರೆದ. 1933ರಲ್ಲಿ ಅದು ಪ್ರಯಾಣಿಕರ ಕೈಸೇರಿತು. ನಿಲ್ದಾಣಗಳ ನಡುವಣ ದೂರವನ್ನು ಅದು ಹೇಳದು. ಎಲ್ಲಿಳಿದು ಎಲ್ಲಿ ಹತ್ತಬೇಕೆಂಬುದನ್ನು ಹೇಳುತ್ತದೆ.

ಗಾಳಿಪಟದಿಂದ ವಿದ್ಯುತ್ತು ತೆಗೆಯುವವರಿಗೆ ಇಂಥ ನಕ್ಷೆಯಿಲ್ಲದೆ ನಡೆಯದು. 1980ರಲ್ಲಿ ಅಮೆರಿಕದ ಮೈಲ್ಸ್ ಲಾಯ್ಡ್ ಇದರ ಲೆಕ್ಕವನ್ನು ಪ್ರಕಟಿಸಿದರು. ಪಟ ಒಂದೆಡೆ ನಿಲ್ಲದೆ ಗಾಳಿಗೆ ಅಡ್ಡಲಾಗಿ ಓಡಿದರೆ ಅದರ ವೇಗ ಗಾಳಿಯ ವೇಗವನ್ನು ಹಲವು ಮಡಿ ಮೀರುತ್ತದೆ. ಎಳೆತ ಆ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. ಇದನ್ನು ಬಳಸುವ ದಾರಿ ಎರಡು.

ಮೊದಲನೆಯದರಲ್ಲಿ ಹಗ್ಗ ಬಿಚ್ಚುತ್ತ ನೆಲದ ಮೇಲಿನ ರಾಟೆಯನ್ನು ತಿರುಗಿಸುತ್ತದೆ, ರಾಟೆ ಜನರೇಟರನ್ನು ತಿರುಗಿಸುತ್ತದೆ. ಹಗ್ಗ ಮುಗಿದಾಗ ಪಟವನ್ನು ಮಲಗಿಸಿ ಹಿಂದಕ್ಕೆ ಸುತ್ತಬೇಕು. ಆಗ ಅದೇ ಯಂತ್ರ ಮೋಟಾರಾಗಿ ವಿದ್ಯುತ್ತನ್ನು ಉಣ್ಣುತ್ತದೆ. ಆದ್ದರಿಂದ ನಕ್ಷೆಯಲ್ಲಿ ಅಲ್ಲಿಯ ಬಾಣಕ್ಕೆ ಎರಡು ಮೊನೆ ಬೇಕು, ಪಕ್ಕದಲ್ಲಿ ಬ್ಯಾಟರಿಯೂ ಬೇಕು. ಹಣ ಹೂಡುವವರು ಯಂತ್ರಕ್ಕಿಂತ ಮೊದಲು ನೋಡುವುದು ನಕ್ಷೆಯನ್ನು. ಒಂದೇ ಮೊನೆಯ ಬಾಣ ಖರ್ಚು ಬರೆಯದ ಜಮಾಖರ್ಚಿನ ಪುಸ್ತಕವಿದ್ದಂತೆ.

ಎರಡನೆಯದರಲ್ಲಿ ಜನರೇಟರುಗಳು ರೆಕ್ಕೆಯ ಮೇಲೆಯೇ ಇರುತ್ತವೆ; ವಿದ್ಯುತ್ತು ಹಗ್ಗದೊಳಗಿನ ತಂತಿಯಲ್ಲಿ ಇಳಿದು ಬರುತ್ತದೆ. ಅಮೆರಿಕದ ಮಕಾನಿ ಸಂಸ್ಥೆ 26 ಮೀಟರಿನ ರೆಕ್ಕೆಯಿಂದ 600 ಕಿಲೋವಾಟ್ ಪಡೆಯಲು ಹೊರಟಿತ್ತು, 2020ರಲ್ಲಿ ಮುಚ್ಚಿತು. ಕಣ್ಣಿಗೆ ಒಂದೇ ಆದ ಈ ಹಗ್ಗವನ್ನು ಎರಡು ಗೆರೆಯಾಗಿ ಬರೆಯಬೇಕು: ಎಳೆತಕ್ಕೆ ದಪ್ಪ ಗೆರೆ, ವಿದ್ಯುತ್ತಿಗೆ ತುಂಡು ಗೆರೆ.

ರಾಟೆಯ ನಕ್ಷೆಯಲ್ಲಿ ಪಟದ ನೆತ್ತಿಯ ಮೇಲೆ ಅಡ್ಡಡ್ಡವಾಗಿ ಒಂದು ಎಂಟನ್ನೂ ಬರೆಯುವುದುಂಟು. ಕನ್ನಡದ ಎಂಟಲ್ಲ, ಇಂಗ್ಲಿಷಿನದು. ಒಂದೇ ದಿಕ್ಕಿಗೆ ಸುತ್ತಿದರೆ ಹಗ್ಗ ಹುರಿಗೊಳ್ಳುತ್ತದೆ. ಎಂಟರಂತೆ ಹಾರಿದಾಗ ಬಲಸುತ್ತಿನಲ್ಲಿ ಬಿದ್ದ ಹುರಿ ಎಡಸುತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ.